ಹಳೇ ಮರ, ಹೊಸ ಆಕಾರ: ಬಾಗು-ಬಳುಕಿನ ಮರದ ಶಿಲ್ಪದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಿತ್ತ ತೊಲೆ, ಒಡೆದ ಬಾಗಿಲು, ಮುರಿದ ಮಂಚದ ಕಾಲು. ಇಂಥವುಗಳಲ್ಲಿ ಬಾಗು-ಬಳುಕಿನ, ಅಂದರೆ ‘ಆರ್ಗ್ಯಾನಿಕ್’ ಶಿಲ್ಪ ಕಡೆಯುತ್ತೇನೆ ಎಂದರೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಎದುರು ಕೂತು ಕೇಳಿದ್ದು, ಪತ್ರದಲ್ಲಿ ಬರೆದಿದ್ದು ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಸಲ ಉಳಿ ಹಿಡಿಯುವವರು ಮೇಲಿನಿಂದ ಓದಿ. ಕೈ ಪಳಗಿದವರು ಕೊನೆಯ ಭಾಗಕ್ಕೆ ಹಾರಿದರೂ ನಡೆಯುತ್ತದೆ.

## ಶುರುವಿನ ಪ್ರಶ್ನೆಗಳು

ಆರ್ಗ್ಯಾನಿಕ್ ಶಿಲ್ಪ ಅಂದ್ರೆ ಏನು? ಸಾವಯವ ಬೇಸಾಯ ಇದ್ದ ಹಾಗೆ ರಾಸಾಯನಿಕ ಹಾಕದೆ ಮಾಡೋದಾ?

ಅಲ್ಲ. ಇಲ್ಲಿ ಆ ಮಾತು ಆಕಾರಕ್ಕೆ ಸಂಬಂಧಪಟ್ಟಿದ್ದು. ಮೂಳೆ, ಚಿಪ್ಪು, ಬೀಜ, ಬೇರು, ನೀರು ಸವೆಸಿದ ಕಲ್ಲು ಇವುಗಳಲ್ಲಿ ನೇರ ಗೆರೆ ಹುಡುಕಿದರೂ ಸಿಗುವುದಿಲ್ಲ. ಒಂದು ಬಾಗು ಇನ್ನೊಂದರೊಳಗೆ ಕರಗಿ ಹೋಗುತ್ತದೆ. ಅಂಥ ಆಕಾರ ಮರದಲ್ಲಿ ಬಂದರೆ ಅದಕ್ಕೆ ಆ ಹೆಸರು. ಅದು ಯಾವುದರ ಪ್ರತಿಮೆಯೂ ಆಗಿರಬೇಕಿಲ್ಲ. ಎಲೆಯ ಹಾಗಿದೆ ಎಂದು ಒಬ್ಬರು, ಕಿವಿಯ ಹಾಗಿದೆ ಎಂದು ಇನ್ನೊಬ್ಬರು ಹೇಳಿದರೆ ನನಗೆ ಖುಷಿ.

ಹಳೇ ಮರವೇ ಯಾಕೆ? ಹೊಸ ಹಲಗೆ ತಂದರೆ ಆಗಲ್ವಾ?

ಧಾರಾಳವಾಗಿ ಆಗುತ್ತದೆ. ಆದರೆ ಹಳೇ ತೊಲೆಗಳು ಬಹಳ ಸಲ ನಿಧಾನವಾಗಿ ಬೆಳೆದ ದೊಡ್ಡ ಮರಗಳಿಂದ ಬಂದವು. ಕೊಯ್ದ ತುದಿಯನ್ನು ನೋಡಿ, ಉಂಗುರಗಳು ಒತ್ತೊತ್ತಾಗಿ ಕೂತಿರುತ್ತವೆ. ಚೇಗಿನ, ಅಂದರೆ ನಡುವಿನ ಗಟ್ಟಿ ಮರದ ಪಾಲು ಜಾಸ್ತಿ, ಹೊರಸುತ್ತಿನ ಬಿಳುಪು ಕಡಿಮೆ. ಸೀಳಬೇಕಾದ ಕಡೆ ಅದು ಯಾವತ್ತೋ ಸೀಳಿ ಮುಗಿದಿರುತ್ತದೆ, ತಿರುಚಬೇಕಾದಷ್ಟು ತಿರುಚಿರುತ್ತದೆ. ಇನ್ನು ಆ ಬಣ್ಣ! ಹೊಸ ಮರಕ್ಕೆ ಏನು ಬಳಿದರೂ ಬರುವುದಿಲ್ಲ.

ಹಾಗಂತ ಹಳೆಯದೆಲ್ಲ ಒಳ್ಳೆಯದಲ್ಲ. ತಂದದ್ದರಲ್ಲಿ ಅರ್ಧ ಕೊಳೆತೋ, ಸೀಳಿಯೋ, ಮೊಳೆಯಿಂದ ಹಾಳಾಗಿಯೋ ಹೋಗುತ್ತದೆ ಎಂದು ಲೆಕ್ಕ ಹಾಕಿಯೇ ತನ್ನಿ. ಸುಮ್ನೆ ಸಿಕ್ಕಿತು ಎಂದುಕೊಂಡ ಮರ ನಿಮ್ಮ ಹತ್ತು ದಿನ ತಿನ್ನುತ್ತದೆ.

ಯಾವ ಹಳೇ ಮರ ತರಬಹುದು? ಮುಟ್ಟಲೇಬಾರದ್ದು ಯಾವುದಾದರೂ ಇದೆಯಾ?

ಮನೆಯ ತೊಲೆ, ಬಾಗಿಲು, ಕಿಟಕಿ ಚೌಕಟ್ಟು, ಪೀಠೋಪಕರಣ, ಗಾಳಿಗೆ ಉರುಳಿದ ಮರ ಇವೆಲ್ಲ ಸರಿ. ಬೇಡವಾದದ್ದನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದು ಮೈಗೆ ಸಂಬಂಧಪಟ್ಟದ್ದು.

ರೈಲು ಹಳಿಯ ಕೆಳಗಿನ ಹಳೇ ಸ್ಲೀಪರ್‌ಗಳನ್ನು ದೂರ ಇಡಿ. ಅವುಗಳಿಗೆ ಸಾಮಾನ್ಯವಾಗಿ ಕ್ರಿಯೋಸೋಟ್ ಎಂಬ ಡಾಂಬರಿನಂಥ ಎಣ್ಣೆ ಕುಡಿಸಿರುತ್ತಾರೆ. ಅದು ಕ್ಯಾನ್ಸರ್ ತರಬಲ್ಲ ವಸ್ತು, ಚರ್ಮವನ್ನೂ ಸುಡುತ್ತದೆ. ಹಸಿರು ಛಾಯೆಯ ಹಳೇ ಕಂಬ, ಬೇಲಿಯ ಮರ ಕಂಡರೂ ಅನುಮಾನ ಇರಲಿ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ದ್ರಾವಣ ಕುಡಿಸಿದ ಮರ ಹಾಗೆ ಕಾಣುತ್ತದೆ. ಆರ್ಸೆನಿಕ್ ಎಂದರೆ ಪಾಷಾಣ. ಅದನ್ನು ಉಜ್ಜಿ ಪುಡಿ ಉಸಿರಾಡುವುದಾಗಲಿ, ತುಂಡುಗಳನ್ನು ಒಲೆಗೆ ಹಾಕುವುದಾಗಲಿ ಬೇಡವೇ ಬೇಡ.

ಸರಕು ಸಾಗಿಸುವ ಪ್ಯಾಲೆಟ್‌ಗಳ ಮೇಲೆ ಮುದ್ರೆ ಇರುತ್ತದೆ. ಎಚ್‌ಟಿ ಎಂದಿದ್ದರೆ ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರುವಂತೆ ಕಾಯಿಸಿದ್ದಾರೆ ಎಂದರ್ಥ, ತರಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು, ಬಿಟ್ಟುಬಿಡಿ. ಎಚ್‌ಟಿ ಇದ್ದರೂ ಮೇಲೆ ಏನೋ ಚೆಲ್ಲಿದ ಕಲೆ, ಘಾಟು ವಾಸನೆ ಇದ್ದರೆ ಅದೂ ಬೇಡ.

ನನಗೆ ಚಿತ್ರ ಬಿಡಿಸೋಕೇ ಬರಲ್ಲ. ಶಿಲ್ಪ ಮಾಡೋಕೆ ಆಗುತ್ತಾ?

ನನಗೂ ಬರುವುದಿಲ್ಲ. ಈ ಕೆಲಸದಲ್ಲಿ ಕಣ್ಣಿಗಿಂತ ಅಂಗೈ ಜಾಸ್ತಿ ನೋಡುತ್ತದೆ. ಕಣ್ಣು ಮುಚ್ಚಿ ಮರದ ಮೇಲೆ ಕೈಯಾಡಿಸಿ. ಎಲ್ಲಿ ಉಬ್ಬು ಉಳಿದಿದೆ, ಎಲ್ಲಿ ತಗ್ಗು ಬಿದ್ದಿದೆ ಎಂದು ಬೆರಳೇ ಹೇಳುತ್ತದೆ.

ಎಷ್ಟು ಹತಾರ ಬೇಕು?

ಮೊದಲ ವರ್ಷಕ್ಕೆ ಒಂದು ಗರಗಸ, ಒಂದು ಕೊಡತಿ, ಮೂರು ಉಳಿ, ಒಂದು ಒರಟು ಅರ, ಒಂದು ನಯ ಅರ, ಎರಡು ಕ್ಲಾಂಪ್, ಒಂದು ಸಾಣೆಕಲ್ಲು. ಇಷ್ಟೇ ಸಾಕು. ಗೌಜ್ ಎನ್ನುವ ದುಂಡುಬಾಯಿಯ ಉಳಿಗಳಿಗೆ ಬಾಯಿಯ ಬಾಗಿಗೆ ತಕ್ಕ ನಂಬರ್ ಇರುತ್ತದೆ. 3 ಎಂದರೆ ಹೆಚ್ಚುಕಮ್ಮಿ ಚಪ್ಪಟೆ, 9 ಎಂದರೆ ಅರ್ಧವೃತ್ತದ ಹತ್ತಿರ. ತಯಾರಕರಿಂದ ತಯಾರಕರಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಮರ ಬಗೆಯಲು 7 ಅಥವಾ 9, ನಯಗೊಳಿಸಲು 3, ಜೊತೆಗೆ ಒಂದು ನೇರ ಉಳಿ ಇರಲಿ.

ಹತ್ತು ಮೊಂಡು ಉಳಿಗಿಂತ ಮಸೆದ ಒಂದು ಉಳಿ ಮೇಲು. ಒಣಗಿದ ಹಳೇ ಮರ ಗಟ್ಟಿ. ಹಾಗಾಗಿ ಉಳಿಯ ಬಾಯನ್ನು ತೀರ ತೆಳ್ಳಗೆ ಮಸೆದರೆ ಅಂಚು ಚಕ್ಕೆ ಎದ್ದು ಹೋಗುತ್ತದೆ. 25 ಡಿಗ್ರಿಯ ಆಸುಪಾಸಿನಲ್ಲಿ ಇಡಿ. ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇದೆ, ಅದರಲ್ಲಿ ಕೆಲಸ ಮಾಡುವ ದಿನ ಸಾಣೆಕಲ್ಲು ಪಕ್ಕದಲ್ಲೇ ಇರಬೇಕು.

## ಮರವನ್ನು ಹದ ಮಾಡುವ ಪ್ರಶ್ನೆಗಳು

ಒಳಗೆ ಮೊಳೆ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ತಂತಿ ಬ್ರಷ್‌ನಲ್ಲಿ ಚೆನ್ನಾಗಿ ತಿಕ್ಕಿ. ಕಬ್ಬಿಣದ ಮೊಳೆ ಇದ್ದ ಕಡೆ ಸುತ್ತ ಕಪ್ಪು ಕಲೆ ಇರುತ್ತದೆ, ಮರದ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಕಲೆ ಅದು. ಆಮೇಲೆ ಬಲವಾದ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮೈಮೇಲೆಲ್ಲ ಓಡಾಡಿಸಿ. ಆಳದಲ್ಲಿ ಮುರಿದು ಕೂತ ಮೊಳೆಗೆ, ಹಿತ್ತಾಳೆ ಸ್ಕ್ರೂಗೆ ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಬೇಕು. ಪ್ರತಿ ಸಲ ಒಂದು ಪದರ ಕೊಯ್ದ ಮೇಲೆ ಮತ್ತೆ ನೋಡಿ. ನಾನು ಒಂದೇ ತೊಲೆಯಲ್ಲಿ ಹನ್ನೊಂದು ಮೊಳೆ ಕಿತ್ತು, ಮುಗಿಯಿತು ಎಂದುಕೊಂಡು ಗರಗಸ ಇಟ್ಟೆ. ಹನ್ನೆರಡನೆಯದು ಮೂರು ಹಲ್ಲು ತೆಗೆದುಕೊಂಡಿತು.

ಕಪ್ಪು ಕಲೆ ಬೇಡವೆಂದರೆ ಆಕ್ಸಾಲಿಕ್ ಆಮ್ಲದ ನೀರು ಹಚ್ಚಿ, ತಿಳಿಯಾದ ಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅದು ವಿಷ, ಕೈಗವಸು ಬೇಕೇ ಬೇಕು. ನಾನಂತೂ ಕಲೆಯನ್ನು ಹಾಗೇ ಬಿಡುತ್ತೇನೆ.

ಮೈಮೇಲೆಲ್ಲ ಸಣ್ಣ ಸಣ್ಣ ತೂತಿದೆ. ಹುಳ ಇನ್ನೂ ಇದೆಯಾ?

ಮರವನ್ನು ಕಪ್ಪು ಕಾಗದದ ಮೇಲಿಟ್ಟು ಕೆಲವು ವಾರ ಬಿಡಿ. ಕಾಗದದ ಮೇಲೆ ತಿಳಿ ಬಣ್ಣದ ಹೊಸ ಪುಡಿ ಉದುರಿದ್ದರೆ ಕುಟ್ಟೆ ಹುಳು ಒಳಗೆ ಜೀವಂತ ಇದೆ. ತೂತಿನ ಅಂಚು ಮಾಸಿ, ಪುಡಿ ಬೀಳದೇ ಇದ್ದರೆ ಹೊರಟುಹೋಗಿರುವ ಸಾಧ್ಯತೆ ಹೆಚ್ಚು. ಸಣ್ಣ ತುಂಡಾದರೆ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ದೊಡ್ಡದಕ್ಕೆ ಮೇಲೆ ಹೇಳಿದ 56 ಡಿಗ್ರಿಯ ಕಾವೇ ದಾರಿ, ಕಾವು ನಡುಭಾಗ ಮುಟ್ಟಬೇಕು ಅಷ್ಟೆ. ಸತ್ತ ಹುಳದ ತೂತು ಶಿಲ್ಪಕ್ಕೆ ಶೋಭೆಯೇ, ಮುಚ್ಚಲು ಹೋಗಬೇಡಿ.

ಐವತ್ತು ವರ್ಷದ ಮರ. ಇನ್ನೂ ಒಣಗಿಲ್ಲ ಅಂತೀರಲ್ಲ, ಅದು ಹೇಗೆ?

ಒಣಗಿತ್ತು. ಆಮೇಲೆ ಮಳೆಯಲ್ಲಿ ಬಿತ್ತು, ತೇವದ ನೆಲದಲ್ಲಿ ಮಲಗಿತು. ಮರ ಸುತ್ತಲಿನ ಗಾಳಿಗೆ ತಕ್ಕ ಹಾಗೆ ನೀರು ಹೀರುತ್ತಾ ಬಿಡುತ್ತಾ ಇರುತ್ತದೆ, ಸತ್ತು ನೂರು ವರ್ಷವಾದರೂ ಆ ಚಾಳಿ ಬಿಡುವುದಿಲ್ಲ. ಒಳಾಂಗಣದಲ್ಲಿ ಇಡುವ ಶಿಲ್ಪಕ್ಕೆ ತೇವಾಂಶ ಸಾಮಾನ್ಯವಾಗಿ 8ರಿಂದ 12 ಶೇಕಡ ಇದ್ದರೆ ಹದ. ಮೀಟರ್ ಇಲ್ಲದಿದ್ದರೆ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ದಿನ ಮರ ನಿಮ್ಮ ಕೋಣೆಯ ಗಾಳಿಗೆ ಹೊಂದಿಕೊಂಡಿದೆ. ತುದಿಗಳಿಗೆ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ.

ಹೊಳೆಯ ತಳದಲ್ಲಿ ಬಹಳ ಕಾಲ ಮುಳುಗಿದ್ದ ಮರ ಸಿಕ್ಕಿದೆ. ಬಿಸಿಲಿಗೆ ಹಾಕಲಾ?

ದಯವಿಟ್ಟು ಬೇಡ. ಅಂಥ ಮರದ ಜೀವಕೋಶಗಳು ಒಳಗೆ ಟೊಳ್ಳಾಗಿ, ನೀರೇ ಅವಕ್ಕೆ ಆಸರೆಯಾಗಿರಬಹುದು. ನೀರು ಹೋದರೆ ಕುಸಿಯುತ್ತವೆ. 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗನ್ನು 1961ರಲ್ಲಿ ಮೇಲೆತ್ತಿದಾಗ ಇದೇ ಭಯವಿತ್ತು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವನ್ನು 17 ವರ್ಷ ಅದರ ಮೇಲೆ ಸಿಂಪಡಿಸಿದರು. ನಮ್ಮ ತುಂಡಿಗೆ ಅಷ್ಟೆಲ್ಲ ಬೇಡ. ಒದ್ದೆ ಗೋಣಿಯಲ್ಲಿ ಸುತ್ತಿ, ನೆರಳಿನಲ್ಲಿಟ್ಟು, ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸಿ. ಉಗುರಿನಿಂದ ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಿದ್ದರೆ ಆಸೆ ಬಿಡಿ. ಹೊಳೆಯಿಂದ ಮರ ಎತ್ತಲು ಅನುಮತಿ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ.

ಹಳೇ ಬಣ್ಣವನ್ನು ಉಜ್ಜಿ ತೆಗೆದರೆ ಆಯ್ತಲ್ಲ?

ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಒಣ ಉಜ್ಜಿದರೆ ಸೀಸದ ಪುಡಿ, ಬೆಂಕಿಯಿಂದ ಸುಟ್ಟರೆ ಸೀಸದ ಹೊಗೆ. ಎರಡೂ ಅಪಾಯ, ಮಕ್ಕಳಿರುವ ಜಾಗದಲ್ಲಂತೂ ಇನ್ನೂ ಹೆಚ್ಚು. ಬಣ್ಣ ತೆಗೆಯುವ ಪೇಸ್ಟ್ ಹಚ್ಚಿ, ಒದ್ದೆಯಾಗಿರುವಾಗಲೇ ಕೆರೆದು, ಕೆರೆದದ್ದನ್ನು ಚೀಲದಲ್ಲಿ ಕಟ್ಟಿ.

## ಆಕಾರ ಕೊಡುವ ಪ್ರಶ್ನೆಗಳು

‘ಎಳೆ ನೋಡು, ಎಳೆ ನೋಡು’ ಅಂತ ಎಲ್ಲರೂ ಹೇಳ್ತಾರೆ. ಏನು ನೋಡಬೇಕು?

ಒಂದೇ ಪ್ರಶ್ನೆಗೆ ಉತ್ತರ ಹೇಳಲು ಬಿಟ್ಟರೆ ನಾನು ಇದನ್ನೇ ಆರಿಸುತ್ತೇನೆ.

ಮರವನ್ನು ಒಂದು ಹುಲ್ಲಿನ ಕಟ್ಟು ಎಂದುಕೊಳ್ಳಿ. ಹುಲ್ಲು, ಅಂದರೆ ಮರದ ಎಳೆ, ಬೇರಿನಿಂದ ತುದಿಯ ಕಡೆಗೆ ಉದ್ದಕ್ಕೆ ಸಾಗಿದೆ. ಉದ್ದಕ್ಕೆ ಎಳೆದರೆ ಅದನ್ನು ಹರಿಯಲು ಆಗುವುದಿಲ್ಲ. ಅಡ್ಡಕ್ಕೆ ಹಿಂಜಿದರೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ನೀವು ನೇರ ಹಲಗೆಯಲ್ಲಿ ಕುಡುಗೋಲಿನಂಥ ಬಾಗು ಕೊಯ್ದಾಗ, ಬಾಗಿನ ಒಂದು ಕಡೆ ಹುಲ್ಲು ಉದ್ದಕ್ಕೆ ಇರುತ್ತದೆ, ಇನ್ನೊಂದು ಕಡೆ ಬೆರಳಗಲದ ಚೂರು ಚೂರಾಗಿ ಅಡ್ಡ ನಿಂತಿರುತ್ತದೆ. ಮುರಿಯುವುದು ಅಲ್ಲೇ. ನನ್ನ ಮೊದಲ ದೊಡ್ಡ ಕೆಲಸ ಒಂದು ಉದ್ದ ಕತ್ತಿನ ಹಕ್ಕಿ. ಎರಡು ತಿಂಗಳು ಕಡೆದೆ. ಕೊನೆಯ ದಿನ ಧೂಳು ಒರೆಸುವಾಗ ಕತ್ತು ಕೈಗೆ ಬಂತು.

ಆ ಕತ್ತು ಈಗಲೂ ನನ್ನ ಕೆಲಸದ ಮೇಜಿನ ಮೇಲೆ ಇದೆ. ಅದನ್ನು ನೋಡಿ ಕಲಿತದ್ದು ಇಷ್ಟು. ಬಾಗು ಬೇಕಿದ್ದರೆ ಬಾಗಿಯೇ ಬೆಳೆದ ಮರ ಹುಡುಕಿ. ಕೊಂಬೆ ಕಾಂಡದಿಂದ ಕವಲೊಡೆದ ಜಾಗ, ಬೇರಿನ ಬುಡ, ಇಲ್ಲೆಲ್ಲ ಎಳೆ ತಾನಾಗಿ ತಿರುಗಿರುತ್ತದೆ. ಹಿಂದಿನ ಹಡಗು ಕಟ್ಟುವವರು ಹಡಗಿನ ಪಕ್ಕೆಲುಬಿಗೆ ಇಂಥ ಮೊಣಕೈ ಮರಗಳನ್ನೇ ಆರಿಸುತ್ತಿದ್ದರು. ಸಿಗದಿದ್ದರೆ ಆಕಾರವನ್ನೇ ಮರದೊಳಗೆ ತಿರುಗಿಸಿ ಕೂರಿಸಿ, ತೆಳ್ಳನೆಯ ಭಾಗ ಎಳೆಯ ಉದ್ದಕ್ಕೆ ಬರುವಂತೆ. ಅದೂ ಆಗದಿದ್ದರೆ ಆ ಜಾಗವನ್ನು ದಪ್ಪ ಬಿಡಿ. ನಿಮ್ಮ ಮನಸ್ಸಿನ ಚಿತ್ರ ಒಂದು ಇಂಚು ಬದಲಾದರೆ ಏನೂ ಆಗುವುದಿಲ್ಲ.

ಉಳಿ ಹಾಕುವ ದಿಕ್ಕಿಗೂ ಇದೇ ಲೆಕ್ಕ. ಬೆಕ್ಕಿನ ಮೈ ಸವರಿದ ಹಾಗೆ, ಕೂದಲು ಮಲಗುವ ಕಡೆಗೆ ಹೋಗಬೇಕು. ಉಬ್ಬಿನಲ್ಲಿ ಎತ್ತರದಿಂದ ಕೆಳಕ್ಕೆ ಇಳಿಯಿರಿ. ಎಳೆಯ ಉದ್ದಕ್ಕೆ ಬಟ್ಟಲಿನಂಥ ತಗ್ಗು ತೋಡುವಾಗ ಎರಡೂ ಅಂಚಿನಿಂದ ತಳದ ಕಡೆಗೆ ಬನ್ನಿ, ತಳ ದಾಟಿ ಎದುರಿನ ಗೋಡೆ ಏರಬೇಡಿ. ಉಳಿ ಕಚ್ಚಿಕೊಂಡು ಮರ ಸಿಬಿರು ಸಿಬಿರಾಗಿ ಏಳುತ್ತಿದೆ ಎಂದರೆ ದಿಕ್ಕು ತಪ್ಪಿದೆ, ತಿರುಗಿ ನಿಲ್ಲಿ. ಗಂಟಿನ ಸುತ್ತ ಎಳೆ ಸುಳಿಯಾಗಿ ತಿರುಗುವುದರಿಂದ ಅಲ್ಲಿ ಉಳಿ ಬಿಟ್ಟು ಅರ ಹಿಡಿಯುವುದು ಜಾಣತನ.

ಮಾದರಿ ಮಾಡಲೇಬೇಕಾ? ನೇರ ಕಡೆದರೆ ಏನಾಗುತ್ತೆ?

ಕಡೆದ ಮರ ವಾಪಸ್ ಬರುವುದಿಲ್ಲ, ಜೇಡಿಮಣ್ಣು ಬರುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಮಣ್ಣಿನ ಮಾದರಿ ಮಾಡಿ, ತಿರುಗಿಸಿ ತಿರುಗಿಸಿ ನೋಡಿ. ಆದರೆ ಅದಕ್ಕೆ ಜೋತುಬೀಳಬೇಡಿ. ಮೊದಲ ಚಕ್ಕೆ ಎದ್ದಾಗ ಒಳಗೊಂದು ಕೊಳೆತ ಜಾಗ ಕಂಡರೆ ಮಾದರಿಯನ್ನು ಮರೆತು ಮರದ ಮಾತು ಕೇಳುವುದೇ ಸರಿ.

ಗ್ರೈಂಡರ್‌ನಲ್ಲಿ ಬೇಗ ಆಗುತ್ತಂತೆ, ನಿಜಾನಾ?

ನಿಜ. ನಾಲ್ಕು ಇಂಚಿನ ಆಂಗಲ್ ಗ್ರೈಂಡರ್, ಅಂದರೆ ಬಿಲ್ಲೆ ತಿರುಗಿಸುವ ಕೈಯಂತ್ರ, ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದೇ ವೇಗದಲ್ಲಿ ತಪ್ಪೂ ಆಗುತ್ತದೆ. ಗರಗಸದ ಸರಪಳಿ ಹಲ್ಲಿನ ಬಿಲ್ಲೆಗಳು ಒದೆಯುವುದು ಜಾಸ್ತಿ, ನಾನು ಹೊಸಬರಿಗೆ ಅದನ್ನು ಕೊಡುವುದಿಲ್ಲ. ಮುಳ್ಳು ಮುಳ್ಳಾದ ಕಾರ್ಬೈಡ್ ಬಿಲ್ಲೆ ನಿಧಾನ, ಆದರೆ ಮಾತು ಕೇಳುತ್ತದೆ. ಕಾವಲು ಕವಚ ಬಿಚ್ಚಬೇಡಿ, ಎರಡೂ ಕೈಯಲ್ಲಿ ಹಿಡಿಯಿರಿ, ತುಂಡನ್ನು ಕ್ಲಾಂಪ್‌ನಲ್ಲಿ ಬಿಗಿಯಿರಿ. ಸಡಿಲ ತೋಳಿನ ಅಂಗಿ ಬೇಡ.

ಅದಕ್ಕಿಂತ ದೊಡ್ಡ ಮಾತು ಧೂಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗಕ್ಕೆ ಅದು ಹಾನಿ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಬೇಕು.

ಬಿರುಕು ಬಿಟ್ಟಿದೆ. ಮುಚ್ಚಬೇಕಾ, ಬಿಡಬೇಕಾ?

ಬಿರುಕು ಬೆಳೆಯುತ್ತಿದೆಯಾ ಎಂದು ಮೊದಲು ನೋಡಿ. ಅದರ ತುದಿಗೆ ಪೆನ್ಸಿಲ್ ಗುರುತು ಹಾಕಿ ಒಂದು ತಿಂಗಳು ಬಿಡಿ. ಗುರುತು ದಾಟದಿದ್ದರೆ ಸುಮ್ಮನಿರಿ. ದಾಟಿದರೆ ಅಡ್ಡಲಾಗಿ ಚಿಟ್ಟೆಯಾಕಾರದ ಬೆಣೆ ಕೂರಿಸಬಹುದು. ಅಮೆರಿಕದ ಪೀಠೋಪಕರಣ ಕುಶಲಕರ್ಮಿ ಜಾರ್ಜ್ ನಕಾಶಿಮಾ (1905–1990) ತಮ್ಮ ಮೇಜುಗಳಲ್ಲಿ ಇಂಥ ಬೆಣೆಯನ್ನು ಮುಚ್ಚಿಡದೆ ಎದ್ದು ಕಾಣುವಂತೆ ಕೂರಿಸಿ ಅದನ್ನೇ ಅಂದವಾಗಿಸಿದರು. ಮರದ ಪುಡಿಗೆ ಅಂಟು ಕಲಸಿ ತುಂಬುವುದು ಮಾತ್ರ ನನಗೆ ಸೇರುವುದಿಲ್ಲ. ಎಣ್ಣೆ ಹಚ್ಚಿದ ಕೂಡಲೇ ಅದು ತೇಪೆಯಾಗಿ ಎದ್ದು ಕಾಣುತ್ತದೆ.

ಎಷ್ಟು ನಂಬರಿನ ಸ್ಯಾಂಡ್ ಪೇಪರ್‌ವರೆಗೆ ಹೋಗಬೇಕು?

80, 120, 180, 240. ನಂಬರ್ ಹಾರಿಸಬೇಡಿ, 80ರ ಗೀರು 240ಕ್ಕೆ ಹೋಗುವುದಿಲ್ಲ. 180 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಲಗಿದ್ದ ನಾರು ಏಳುತ್ತದೆ. ಒಣಗಿದ ಮೇಲೆ ಕೊನೆಯ ಸುತ್ತು ಉಜ್ಜಿ. ಅಡ್ಡ ಬೆಳಕಿನಲ್ಲಿ, ಅಂದರೆ ಪಕ್ಕದಿಂದ ದೀಪ ಹಿಡಿದು ನೋಡಿದರೆ ಉಳಿದ ಗೀರು ಸಿಕ್ಕಿಬೀಳುತ್ತದೆ. ಉಳಿಯ ಗುರುತು ಹಾಗೇ ಬಿಡುವುದೂ ಒಂದು ಚೆಂದ. ಬಿಡುವುದಾದರೆ ಅದು ಮರೆತು ಬಿಟ್ಟ ಹಾಗೆ ಕಾಣಬಾರದು.

## ಕೈ ಪಳಗಿದವರ ಪ್ರಶ್ನೆಗಳು

ನನ್ನ ಹತ್ರ ಇರೋದೆಲ್ಲ ಸಣ್ಣ ಹಲಗೆ. ದೊಡ್ಡ ಶಿಲ್ಪ ಆಗುತ್ತಾ?

ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ದಿಮ್ಮಿ ಮಾಡಿ ಕಡೆಯಿರಿ. ಅಮೆರಿಕದ ವೆಂಡೆಲ್ ಕ್ಯಾಸಲ್ (1932–2018) 1960ರ ದಶಕದಲ್ಲಿ ಈ ಹಾದಿಯನ್ನು ಪೀಠೋಪಕರಣಕ್ಕೆ ತಂದು ಹೆಸರಾದರು. ಪ್ರತಿ ಪದರವನ್ನು ಮೊದಲೇ ಆಕಾರಕ್ಕೆ ಹತ್ತಿರ ಕೊಯ್ದು ಜೋಡಿಸಿದರೆ ಮರವೂ ಉಳಿಯುತ್ತದೆ, ಕೆತ್ತುವ ಶ್ರಮವೂ ಉಳಿಯುತ್ತದೆ.

ಎರಡು ಎಚ್ಚರಿಕೆ. ಎಲ್ಲ ಪದರದ ಎಳೆ ಒಂದೇ ದಿಕ್ಕಿಗೆ ಇರಲಿ. ಮರ ಉದ್ದಕ್ಕೆ ಬಹುತೇಕ ಹಿಗ್ಗುವುದೇ ಇಲ್ಲ, ಅಡ್ಡಕ್ಕೆ ಹಿಗ್ಗುತ್ತದೆ, ಅದರಲ್ಲೂ ಉಂಗುರದ ಸುತ್ತಿನ ದಿಕ್ಕಿನಲ್ಲಿ ಸುಮಾರು ಎರಡರಷ್ಟು. ಒಂದು ಪದರ ಉದ್ದ, ಒಂದು ಅಡ್ಡ ಇಟ್ಟರೆ ಕಾಲ ಕಳೆದಂತೆ ಅಂಟು ಬಿಡುತ್ತದೆ. ಇನ್ನೊಂದು, ಹಳೇ ಮೈಗೆ ಅಂಟು ಹಿಡಿಯುವುದಿಲ್ಲ. ಹತ್ತರಿ ಹೊಡೆದು ಹೊಸ ಮೈ ತೆಗೆದು ಅವತ್ತೇ ಅಂಟಿಸಿ. ತೇಗದಂಥ ಎಣ್ಣೆ ಮರವಾದರೆ ಮೊದಲು ಅಸಿಟೋನ್‌ನಲ್ಲಿ ಒರೆಸಿ.

ಹಬೆ ಕೊಟ್ಟು ಬಗ್ಗಿಸಬಹುದಾ?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ. ಹಬೆಗೆ ಬಗ್ಗುವುದು ಹಸಿ ಮರ, ಇಲ್ಲವೇ ಗಾಳಿಯಲ್ಲಿ ಅರೆ ಒಣಗಿದ ಮರ. ಇಂಚು ದಪ್ಪಕ್ಕೆ ಒಂದು ಗಂಟೆ ಹಬೆ ಎನ್ನುವುದು ವಾಡಿಕೆಯ ಲೆಕ್ಕ. ದಶಕಗಟ್ಟಲೆ ಒಣಗಿದ ತೊಲೆ ಆ ಲೆಕ್ಕಕ್ಕೆ ಬರುವುದಿಲ್ಲ, ಬಗ್ಗುವ ಬದಲು ಹೊರಮೈ ಸಿಡಿಯುತ್ತದೆ. ಅದಕ್ಕೆ ಹಳೇ ಮರವನ್ನು 2–3 ಮಿಲಿಮೀಟರ್ ಪಟ್ಟಿಗಳಾಗಿ ಸೀಳಿ, ಅಂಟು ಹಚ್ಚಿ, ಬಾಗಿದ ಅಚ್ಚಿಗೆ ಬಿಗಿದು ಒಂದು ದಿನ ಬಿಡಿ. ಅಚ್ಚಿನಿಂದ ಬಿಚ್ಚಿದಾಗ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಹಾಗಾಗಿ ಅಚ್ಚನ್ನೇ ಒಂದು ಗುಲಗಂಜಿ ಜಾಸ್ತಿ ಬಾಗಿಸಿ ಮಾಡಿರಬೇಕು.

ನಿಲ್ಲಿಸಿದರೆ ವಾಲುತ್ತೆ. ಏನು ಮಾಡಲಿ?

ಶಿಲ್ಪವನ್ನು ಒಂದು ಬಿಂದುವಿನಿಂದ ಹಗ್ಗದಲ್ಲಿ ತೂಗುಹಾಕಿ, ತೂಕದ ದಾರದಿಂದ ಗೆರೆ ಹಾಕಿ. ಇನ್ನೊಂದು ಬಿಂದುವಿನಿಂದ ತೂಗುಹಾಕಿ ಮತ್ತೆ ಗೆರೆ. ಎರಡೂ ಸೇರುವ ಕಡೆ ಅದರ ಭಾರ ಕೂತಿದೆ. ಅಲ್ಲಿಂದ ನೇರ ಕೆಳಗೆ ಇಳಿದ ಗೆರೆ ಪಾದದ ಒಳಗೇ ಬೀಳಬೇಕು. ಬೀಳದಿದ್ದರೆ ಮೇಲ್ಭಾಗವನ್ನು ಹಿಂದಿನಿಂದ ಟೊಳ್ಳು ಮಾಡಿ. ಭಾರವೂ ಇಳಿಯುತ್ತದೆ, ಬಿರುಕಿನ ಭಯವೂ ಕಡಿಮೆಯಾಗುತ್ತದೆ. ಪಾದದೊಳಗೆ ಉಕ್ಕಿನ ತುಂಡು ಹುದುಗಿಸುವುದು ಕೊನೆಯ ಉಪಾಯ. ಕಳ್ಳಾಟ ಅನ್ನಿಸಿದರೂ ಎಲ್ಲರೂ ಮಾಡುತ್ತಾರೆ.

ಎಣ್ಣೆನಾ, ವಾರ್ನಿಷಾ?

ನನ್ನ ಓಟು ಎಣ್ಣೆಗೆ, ಮೇಲೆ ಜೇನುಮೇಣ. ವಾರ್ನಿಷ್ ಮರದ ಮೇಲೆ ಹಾಳೆಯಂತೆ ಕೂರುತ್ತದೆ. ಬಾಗು-ಬಳುಕಿನ ಮೈಯನ್ನು ಮುಟ್ಟಿದಾಗ ಕೈಗೆ ಪ್ಲಾಸ್ಟಿಕ್ ಸಿಗುತ್ತದೆ. ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ. ಒರೆಸದಿದ್ದರೆ ಅಂಟಂಟಾಗಿ ತಿಂಗಳಾದರೂ ಒಣಗುವುದಿಲ್ಲ.

ಒರೆಸಿದ ಬಟ್ಟೆಯ ಬಗ್ಗೆ ಗಮನ ಇರಲಿ. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಸೇರುವುದು, ಆಗ ಶಾಖ ಹುಟ್ಟುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಗೆ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಹೊರಗೆ ಅಂಗಳದಲ್ಲಿ ಇಡಬಹುದಾ?

ಇಡಬಹುದು, ಅದು ಬದಲಾಗುತ್ತದೆ ಎಂದು ಒಪ್ಪಿಕೊಂಡರೆ. ಬಿಸಿಲಿಗೆ ಬಣ್ಣ ಹೋಗಿ ಬೂದು ಬಣ್ಣಕ್ಕೆ ತಿರುಗುತ್ತದೆ, ಯಾವ ಎಣ್ಣೆಯೂ ಅದನ್ನು ಪೂರ್ತಿ ತಡೆಯುವುದಿಲ್ಲ. ಬ್ರಿಟನ್ನಿನ ಶಿಲ್ಪಿ ಡೇವಿಡ್ ನ್ಯಾಶ್ 1978ರಲ್ಲಿ ವೇಲ್ಸ್‌ನಲ್ಲಿ ಓಕ್ ಮರದ ದೊಡ್ಡ ಉಂಡೆ ಕಡೆದು ಹಳ್ಳಕ್ಕೆ ಬಿಟ್ಟರು. ಪ್ರವಾಹ ಬಂದಾಗಲೆಲ್ಲ ಅದು ಅಷ್ಟಷ್ಟು ಉರುಳುತ್ತಾ ದಶಕಗಳ ಮೇಲೆ ಸಮುದ್ರದ ಅಳಿವೆ ಮುಟ್ಟಿತು. ನಮಗೆ ಅಷ್ಟು ಎದೆಗಾರಿಕೆ ಇಲ್ಲದಿದ್ದರೆ ಚೇಗಿನ ಭಾಗವನ್ನೇ ಆರಿಸಿ, ನೀರು ನಿಲ್ಲುವ ಬಟ್ಟಲುಗಳಿಗೆ ಕೆಳಗಿನಿಂದ ತೂತು ಕೊರೆಯಿರಿ. ಪಾದವನ್ನು ಮಣ್ಣಿಗೆ ತಾಗಿಸದೆ ಕಲ್ಲಿನ ಮೇಲೆ ಎರಡು ಬೆರಳು ಎತ್ತರ ಇಡಿ. ಬಿಗಿಯಲು ಕಬ್ಬಿಣದ ಬೋಲ್ಟ್ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಬಳಸಿ. ಅದರ ತೂತು ಎಳೆಗೆ ಅಡ್ಡಲಾಗಿ ಸ್ವಲ್ಪ ಉದ್ದಕ್ಕಿರಲಿ, ಮಳೆಗಾಲದಲ್ಲಿ ಮರ ಹಿಗ್ಗಲು ಜಾಗ ಬೇಕಲ್ವಾ.